ಎಂತ ಕಷಾಯ ಕುಡೀತೀರಿ?

ಕಾರವಾರ, 15 ಜುಲೈ 2025, ಮಂಗಳವಾರ

ಬೆಳಿಗ್ಗೆ ಡೇ ಕೇರ್ ವಾರ್ಡಿನ ಪಟ್ಟಿ ಕೈಗೆ ಬಂದಾಗ ಹೊರಗೆ ಧೋ ಅಂತ ಮಳೆ. ಕ್ಯಾನ್ಸರಿಗೆ ಕೊಡುವ ಕಿಮೋ ಔಷಧಿ ಕಲಸುವುದು ನನ್ನ ಕೆಲಸ. ಆದರೆ ಪಟ್ಟಿ ಬಂತು ಅಂತ ಕಲಸಿ ಇಡುವ ಹಾಗಿಲ್ಲ. ರೋಗಿ ಬಂದು ಕೂರಬೇಕು, ರಕ್ತದ ರಿಪೋರ್ಟ್ ಬರಬೇಕು, ಬಿಳಿ ರಕ್ತಕಣ ನೋಡಿ ಡಾಕ್ಟರು ಹೂಂ ಅನ್ನಬೇಕು. ಆಮೇಲೇ ನಾನು ಬಾಟಲಿ ಮುಟ್ಟುವುದು. ಕಲಸಿದ ಮೇಲೆ ಕೆಲವು ಔಷಧಿಗೆ ಕೆಲವೇ ಗಂಟೆ ಆಯಸ್ಸು, ಬೆಲೆ ಮಾತ್ರ ಸಾವಿರಗಟ್ಟಲೆ. ಬಸ್ಸು ಘಟ್ಟದಲ್ಲಿ ನಿಂತಿತು ಅಂತ ಅದನ್ನು ಚೆಲ್ಲಲಿಕ್ಕೆ ಆಗುತ್ತದಾ? ನಾಳೆಗೆ ಶಿರೂರಿನ ಗುಡ್ಡ ಕುಸಿದು ಒಂದು ವರ್ಷ. ಹೆದ್ದಾರಿ ಬಂದಾದ ಆ ದಿನಗಳಲ್ಲಿ ಅಂಕೋಲೆ, ಕುಮಟಾ ಕಡೆಯವರನ್ನು ಕಾಯುತ್ತಾ ಕೂತದ್ದು ಇನ್ನೂ ನೆನಪಿದೆ. ಕಿಮೋ ತಾರೀಕಿಗೂ ಮಳೆಗೂ ಆಗಿಬರುವುದಿಲ್ಲ.

ಇವತ್ತು ಮೊದಲು ಬಂದವರು ಶಿರಸಿ ಕಡೆಯ ಅಡಿಕೆ ತೋಟದವರು. ಹೆಸರು ಬೇಡ, ನಾನು ಮಾವ ಅಂತಲೇ ಕರೆಯುವುದು. ದೊಡ್ಡ ಕರುಳಿನ ಕ್ಯಾನ್ಸರ್. ಚಿಕಿತ್ಸೆ ಶುರುವಾದದ್ದು ದೊಡ್ಡ ಊರಿನ ಆಸ್ಪತ್ರೆಯಲ್ಲಿ, ಈಗ ಓಡಾಟ ಕಷ್ಟ ಅಂತ ನಮ್ಮಲ್ಲಿಗೆ ಬರುತ್ತಿದ್ದಾರೆ. ಅಲ್ಲಿನ ಕಾಗದದಲ್ಲಿ ತೂಕ 56 ಕೆಜಿ. ನಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ 48! ಮೊದಲ ಸಲ ಬರೆದ ತೂಕವನ್ನೇ ಪ್ರತಿ ಸಲ ನಕಲು ಮಾಡುತ್ತಾ ಬಂದಿದ್ದಾರೆ. ಇಂಥದ್ದು ನೋಡಿದರೆ ನನಗೆ ಸಿಟ್ಟು ಬರುತ್ತದೆ.

ಕಿಮೋದಲ್ಲಿ ಹೆಚ್ಚಿನ ಔಷಧಿಗೆ ಮೈಯ ಮೇಲ್ಮೈ ಎಷ್ಟು ಚದರ ಮೀಟರ್ ಅಂತ ಲೆಕ್ಕ ಹಾಕಬೇಕು. ಎತ್ತರವನ್ನು ತೂಕದಿಂದ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆದರೆ ಆಯಿತು. 1987ರಲ್ಲಿ ಮೊಸ್ಟೆಲ್ಲರ್ ಅನ್ನುವವರು ಕೊಟ್ಟ ಸರಳ ಸೂತ್ರ ಇದು. ಮಾವನ ಎತ್ತರ 160 ಸೆಂಟಿಮೀಟರ್. ಹಳೆಯ ತೂಕಕ್ಕೆ 1.58 ಬರುತ್ತದೆ, ಹೊಸದಕ್ಕೆ 1.46. ಅವರಿಗೆ ಬರೆದದ್ದು ಇರಿನೊಟೆಕಾನ್, ಚದರ ಮೀಟರಿಗೆ 180 ಮಿಲಿಗ್ರಾಂ. ಅಂದರೆ 284 ಇದ್ದದ್ದು 263ಕ್ಕೆ ಇಳಿಯಿತು. ಇಪ್ಪತ್ತೊಂದು ಮಿಲಿಗ್ರಾಂ ಏನು ಮಹಾ ಅನಿಸಬಹುದು. ಬಡಕಲು ಮೈಗೆ, ಅದೂ ಭೇದಿ ಹತ್ತಿಸುವ ಔಷಧಿಯಲ್ಲಿ, ಅದು ಸಣ್ಣದಲ್ಲ. ಡಾಕ್ಟರಿಗೆ ಫೋನ್ ಮಾಡಿದೆ, ತಿದ್ದಿ ಸಹಿ ಹಾಕಿದರು.

ಆಮೇಲೆ ಬಂತು ನನ್ನ ಮಾಮೂಲಿ ಪ್ರಶ್ನೆ. "ಬೇರೆ ಔಷಧಿ ತಗೊಳ್ತೀರಾ?" ಅಂತ ಕೇಳಿದರೆ ನಮ್ಮ ಕಡೆ ಎಲ್ಲರೂ ಇಲ್ಲ ಅಂತಾರೆ. ಮನೆಯಲ್ಲಿ ಕುದಿಸಿದ್ದನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ನಾನು ನೇರವಾಗಿ, "ಮಾವ, ಎಂತ ಕಷಾಯ ಕುಡೀತೀರಿ?" ಅಂತ ಕೇಳುತ್ತೇನೆ.

"ಎಂತದೂ ಇಲ್ಲ ತಂಗಿ."

ಪಕ್ಕದಲ್ಲಿದ್ದ ಅತ್ತೆ ಬಿಡಬೇಕಲ್ಲ. "ಸುಳ್ಳು ಹೇಳಡಿ" ಅಂದರು. ಲಕ್ಷ್ಮಣ ಫಲದ ಎಲೆ ಕುದಿಸಿ ಬೆಳಿಗ್ಗೆ ಒಂದು ಲೋಟ. ರಾತ್ರಿ ಮಲಗುವಾಗ ಅಳಲೆಕಾಯಿ ಪುಡಿ. ಹೊಟ್ಟೆ ಶುದ್ಧ ಆಗಲಿ ಅಂತ!

ನಾನು ಅಳಲೆಕಾಯಿಯಿಂದ ಶುರು ಮಾಡಿದೆ. ಇರಿನೊಟೆಕಾನ್ ಕೊಟ್ಟ ಮೇಲೆ ಎರಡು ಥರದ ಭೇದಿ ಬರಬಹುದು. ಒಂದು ಅದೇ ದಿನ, ಬೆವರು, ಹೊಟ್ಟೆ ನುಲಿತದ ಜೊತೆ. ಅದಕ್ಕೆ ಇಲ್ಲೇ ಅಟ್ರೋಪಿನ್ ಕೊಡುತ್ತೇವೆ. ಇನ್ನೊಂದು ಕೆಲವು ದಿನ ಬಿಟ್ಟು, ಮನೆಯಲ್ಲಿ. ಅಪಾಯ ಇರುವುದು ಅದರಲ್ಲೇ. ಮೈಯ ನೀರೆಲ್ಲ ಹೋಗಿ, ಅದೇ ಹೊತ್ತಿಗೆ ಬಿಳಿ ರಕ್ತಕಣವೂ ಇಳಿದಿದ್ದರೆ ಜೀವಕ್ಕೇ ಬರುತ್ತದೆ. ಅದರ ಮೇಲೆ ಭೇದಿಯ ಪುಡಿ ಬೇರೆ ತಿಂದರೆ? ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಪೊಟ್ಟಣ ಕಟ್ಟಿ ಅತ್ತೆಯ ಕೈಗೇ ಕೊಟ್ಟೆ. ತೆಳು ಭೇದಿ ಶುರುವಾದ ಕೂಡಲೇ ಎರಡು, ಆಮೇಲೆ ಎರಡು ಗಂಟೆಗೊಂದು, ಹನ್ನೆರಡು ಗಂಟೆ ಭೇದಿ ಇಲ್ಲದೆ ಕಳೆಯುವ ತನಕ. ಈ ಲೆಕ್ಕ ಇರಿನೊಟೆಕಾನ್‌ನವರಿಗೆ ಡಾಕ್ಟರು ಬರೆದು ಕೊಡುವುದು, ಓದಿದವರು ಸುಮ್ನೆ ಮನೆಯಲ್ಲಿ ಪ್ರಯೋಗ ಮಾಡಬೇಡಿ. ಜ್ವರ 100.4 ದಾಟಿದರೆ ಮಾತ್ರೆ ಎಣಿಸುತ್ತಾ ಕೂರದೆ ಶಿರಸಿಯ ಆಸ್ಪತ್ರೆಗಾದರೂ ಓಡಬೇಕು ಅಂತಲೂ ಹೇಳಿದೆ.

ಲಕ್ಷ್ಮಣ ಫಲದ ವಿಷಯಕ್ಕೆ ಮಾವ ಸುಲಭಕ್ಕೆ ಬಗ್ಗಲಿಲ್ಲ. "ನಿಮ್ಮದು ಬರೀ ಕೆಮಿಕಲ್, ನಮ್ಮದು ಕಾಡಿನ ಸೊಪ್ಪು" ಅಂದರು. ಕೆರಿಬಿಯನ್ ದ್ವೀಪವಾದ ಗ್ವಾಡಲೂಪ್‌ನಲ್ಲಿ ಆ ಹಣ್ಣು, ಎಲೆಯ ಕಷಾಯ ಜಾಸ್ತಿ ಬಳಸುವವರಲ್ಲಿ ಪಾರ್ಕಿನ್ಸನ್ ಥರದ ಕಾಯಿಲೆ ಕಂಡುಬಂದದ್ದನ್ನು 1999ರಲ್ಲೇ ವೈದ್ಯರು ಬರೆದಿದ್ದಾರೆ. ಅದನ್ನು ಹೇಳಿದೆ. ಅವರಿಗೆ ನಾಟಲಿಲ್ಲ. ಗ್ವಾಡಲೂಪ್ ಶಿರಸಿಗೆ ಬಹಳ ದೂರ.

ಆಗ ಕೇಳಿದೆ, "ದುರ್ವಾಸನೆ ಮರ ಗೊತ್ತಾ ಮಾವ?" ಗೊತ್ತಿಲ್ಲದೆ ಏನು, ಹೂ ಬಿಟ್ಟಾಗ ಹತ್ತಿರ ಹೋಗಲಿಕ್ಕಿಲ್ಲ ಅಂದರು. ಆ ಮರದಲ್ಲಿ ಕ್ಯಾಂಪ್ಟೊಥೆಸಿನ್ ಅನ್ನುವ ವಸ್ತು ಇದೆ. ಮೊದಲು ಅದು ಸಿಕ್ಕಿದ್ದು ಚೀನಾದ ಒಂದು ಮರದಲ್ಲಿ, 1966ರಲ್ಲಿ ವಾಲ್ ಮತ್ತು ವಾಣಿ ಅನ್ನುವ ವಿಜ್ಞಾನಿಗಳು ಅದರ ರಚನೆ ಕಂಡುಹಿಡಿದರು. ಕೆಲವು ವರ್ಷದಲ್ಲಿ ನಮ್ಮ ಪಶ್ಚಿಮ ಘಟ್ಟದ ಈ ಮರದಲ್ಲೂ ಅದು ಇದೆ ಅಂತ ಗೊತ್ತಾಯಿತು. ಆ ಕ್ಯಾಂಪ್ಟೊಥೆಸಿನ್‌ನಿಂದಲೇ ಇರಿನೊಟೆಕಾನ್ ಮಾಡುವುದು. ಇದಕ್ಕಾಗಿ ಘಟ್ಟದಲ್ಲಿ ಎಷ್ಟು ಮರ ಕಡಿದು ಸಾಗಿಸಿದರು ಅನ್ನುವುದು ಬೇರೆಯೇ ಕಥೆ, ಇವತ್ತು ಬೇಡ.

"ಹಂಗಾದ್ರೆ ಇದೂ ಕಾಡಿನದ್ದೇ!" ಮಾವ ಖುಷಿಯಾದರು.

"ಹೌದು. ಆದ್ರೆ ಇದನ್ನು ಅಳೆದು ಕೊಡ್ತೇವೆ. ನಿಮ್ಮ ಲೋಟದಲ್ಲಿ ಎಂತ ಎಷ್ಟು ಇಳಿದಿದೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಇಲ್ಲ."

ಕಿಮೋ ಮುಗಿಯುವ ತನಕ ಬಿಡುತ್ತೇನೆ ಅಂದಿದ್ದಾರೆ. ಅತ್ತೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಮಧ್ಯಾಹ್ನದ ತನಕ ಕಲಸುವ ಕೋಣೆ. ಎರಡು ಜೊತೆ ಕೈಗವಸು, ಗೌನು, ಮಾಸ್ಕು, ಗಾಜಿನ ಕ್ಯಾಬಿನೆಟ್ಟಿನ ಒಳಗೆ ಕೈ. ಬೆವರು ಒರೆಸಲಿಕ್ಕೂ ಆಗುವುದಿಲ್ಲ. ಕರಾವಳಿಯ ಈ ಸೆಕೆಗೆ ಆ ಗೌನು ಹೊಲಿದವನನ್ನು ಒಂದು ದಿನ ಇಲ್ಲಿ ನಿಲ್ಲಿಸಬೇಕು.

ಕೊನೆಗೆ ಕಲಸಿದ್ದು ಆಕ್ಸಾಲಿಪ್ಲಾಟಿನ್. ಇದನ್ನು ಗ್ಲೂಕೋಸ್ ನೀರಿನಲ್ಲೇ ಕಲಸಬೇಕು, ಉಪ್ಪು ನೀರು ಆಗದು. ಅದೇ ಜಾತಿಯ ಸಿಸ್ಪ್ಲಾಟಿನ್‌ಗೆ ಉಪ್ಪು ನೀರೇ ಬೇಕು. ಹೊಸದಾಗಿ ಬಂದ ಹುಡುಗಿಗೆ ಇದನ್ನು ದಿನಾ ಕೇಳಿ ಪೀಡಿಸುತ್ತೇನೆ. ಇವತ್ತು ನಿದ್ದೆಗಣ್ಣಲ್ಲೂ ಸರಿ ಹೇಳಿದಳು.

ಆ ಬಾಟಲಿ ಮೀನು ಮಾರುವ ಒಬ್ಬ ಅಕ್ಕನಿಗೆ. ಬೈತಖೋಲ್ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಮಾರುವವರು. ನನ್ನ ಕೊಂಕಣಿ, ಅವರ ಕನ್ನಡ, ಎರಡೂ ಅಷ್ಟಕ್ಕಷ್ಟೇ, ಆದರೂ ಮಾತು ನಡೆಯುತ್ತದೆ. ಆಕ್ಸಾಲಿಪ್ಲಾಟಿನ್ ಆದ ಮೇಲೆ ಕೆಲವು ದಿನ ತಣ್ಣಗಿನದ್ದು ಮುಟ್ಟಬಾರದು, ಕುಡಿಯಬಾರದು. ಮುಟ್ಟಿದರೆ ಬೆರಳಿಗೆ ಸೂಜಿ ಚುಚ್ಚಿದ ಹಾಗೆ ಜುಮ್ಮನ್ನುತ್ತದೆ, ಗಂಟಲು ಹಿಡಿದಂತಾಗುತ್ತದೆ. ಎಲ್ಲರಿಗೂ ಫ್ರಿಜ್ಜಿನ ನೀರು ಬೇಡ ಅಂತ ಹೇಳಿ ಮುಗಿಸುತ್ತೇವೆ. ಇವರ ಮನೆಯಲ್ಲಿ ಫ್ರಿಜ್ಜಿಲ್ಲ. ಆದರೆ ಕೆಲಸವೇ ಐಸಿನಲ್ಲಿ, ಅಲ್ವಾ?

ಈಗ ಟ್ರಾಲಿಂಗ್, ಅಂದರೆ ಬೋಟಿನಲ್ಲಿ ಬಲೆ ಎಳೆದು ಮೀನು ಹಿಡಿಯುವುದರ, ನಿಷೇಧದ ದಿನಗಳು, ಜೂನ್ 1ರಿಂದ ಜುಲೈ 31. ಹಾಗಾಗಿ ಇಷ್ಟು ದಿನ ಪ್ರಶ್ನೆಯೇ ಏಳಲಿಲ್ಲ. ಇವತ್ತು ಅವರೇ ಎತ್ತಿದರು. "ಒಂದನೇ ತಾರೀಕಿಗೆ ಬೋಟು ಇಳೀತದೆ ಬಾಯೀ. ನಾನು ಹೋಗ್ಬೇಕು."

ಇಬ್ಬರೂ ಕ್ಯಾಲೆಂಡರ್ ಮುಂದೆ ಕೂತೆವು. 21 ದಿನಕ್ಕೊಮ್ಮೆ ಡ್ರಿಪ್, ಮುಂದಿನದು ಆಗಸ್ಟ್ 5ಕ್ಕೆ. ಇವತ್ತಿನಿಂದ 14 ದಿನ ಕ್ಯಾಪೆಸಿಟಾಬಿನ್ ಅನ್ನುವ ಕಿಮೋ ಮಾತ್ರೆ, ಎರಡು ಹೊತ್ತು, ಊಟವಾಗಿ ಅರ್ಧ ಗಂಟೆಯೊಳಗೆ. ಆಮೇಲೆ ಒಂದು ವಾರ ಬಿಡುವು. ಅಕ್ಕ ಬೆರಳು ಮಡಚಿ, "ಒಂದರಿಂದ ನಾಲ್ಕು, ನನಗೆ ರಜೆ" ಅಂದರು. ಲೆಕ್ಕ ನನಗಿಂತ ಬೇಗ.

ತಡೆಯಲಿಕ್ಕೆ ನನಗೆ ಕಾರಣಗಳಿದ್ದವು. ಮಾತ್ರೆಯಿಂದ ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿದೆ. ಮೀನಿನ ಮುಳ್ಳು ಚುಚ್ಚಿ ಗಾಯ ನಂಜಾದರೆ ಕಷ್ಟ. ಅವರ ಹತ್ತಿರವೂ ಕಾರಣವಿತ್ತು. ಎರಡು ತಿಂಗಳು ದುಡಿಮೆ ಇಲ್ಲ, ಸೀಸನ್ನಿನ ಮೊದಲ ದಿನಗಳ ರೇಟು ಆಮೇಲೆ ಸಿಗುವುದಿಲ್ಲ. ಬೇಡ ಅಂದರೆ ನನಗೆ ಹೇಳದೆ ಹೋಗುತ್ತಾರೆ, ಅಷ್ಟೇ. ಒಳಗೆ ಹತ್ತಿಯದು, ಮೇಲೆ ದಪ್ಪ ರಬ್ಬರಿನದು, ಎರಡು ಕೈಗವಸು ಹಾಕಿ, ಐಸು ಒಡೆಯುವ ಕೆಲಸ ಸೊಸೆಗೆ ಬಿಡಿ ಅಂದೆ. ರಬ್ಬರು ಹಾಕಿದರೆ ಬಂಗಡೆ ಜಾರುತ್ತದೆ, ಗಿರಾಕಿ ನಗುತ್ತಾರೆ ಅಂತ ಚೌಕಾಸಿ ಮಾಡಿದರು. ಸೊಸೆಯ ವಿಷಯಕ್ಕೆ ಒಪ್ಪಿದರು, ಕೈಗವಸಿಗೆ ಅರ್ಧ ಒಪ್ಪಿದ್ದಾರೆ.

ಸಂಜೆ ಡಾಕ್ಟರಿಗೆ ಹೇಳಿದೆ. ಜುಲೈ 31ಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಕೈ ನೋಡಿ ತೀರ್ಮಾನ ಮಾಡೋಣ ಅಂದರು. ನಾಳೆ ಅಕ್ಕನಿಗೆ ಫೋನ್ ಮಾಡಿ ತಾರೀಕು ತಿಳಿಸಬೇಕು. ಮಾವನ ಮನೆಗೂ ಒಂದು ಫೋನ್, ಅತ್ತೆಯ ನಂಬರಿಗೆ.