ಫೆಲಿನಿ ಹುಟ್ಟಿದ ಊರು ರಿಮಿನಿಗೆ ಹೋಗೋರಿಗೆ

ಇಟಲಿಗೆ ಹೊರಟವರು ರೋಮ್ ಜೊತೆಗೆ ರಿಮಿನಿಗೂ ಎರಡು ದಿನ ಇಟ್ಟುಕೊಳ್ಳಿ. ನಿರ್ದೇಶಕ ಫೆಡೆರಿಕೊ ಫೆಲಿನಿ 1920ರ ಜನವರಿ 20ರಂದು ಹುಟ್ಟಿದ್ದು ಕಡಲ ದಂಡೆಯ ಈ ಊರಲ್ಲೇ. ಬೊಲೊನ್ಯದಿಂದ ರೈಲಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ದಾರಿ. ಕಾಗದದ ಟಿಕೆಟ್ ತಗೊಂಡಿದ್ದರೆ ಹತ್ತೋ ಮುಂಚೆ ಸ್ಟೇಷನ್ನಿನ ಮೆಷಿನ್ನಲ್ಲಿ ತೂರಿಸಿ ಮುದ್ರೆ ಹಾಕಿಸಿ, ಇಲ್ಲದಿದ್ದರೆ ದಂಡ ಬೀಳುತ್ತೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. 'ಅಮರ್‌ಕಾರ್ಡ್' ಅನ್ನೋ ಫೆಲಿನಿ ಸಿನಿಮಾ ನೋಡಿಕೊಂಡು ಬಂದು ಆ ಬೀದಿ ಎಲ್ಲಿ, ಆ ಚೌಕ ಎಲ್ಲಿ ಅಂತ ಸುಮ್ನೆ ಅಲೆಯಬೇಡಿ. ನನ್ನ ಅರ್ಧ ದಿನ ಅದರಲ್ಲೇ ಹೋಯಿತು. 1939ರಲ್ಲಿ ಊರು ಬಿಟ್ಟು ರೋಮ್ ಸೇರಿದ ಫೆಲಿನಿ, 1973ರ ಆ ಸಿನಿಮಾಕ್ಕೆ ತನ್ನೂರಿನ ಬೀದಿಗಳನ್ನು ರೋಮಿನ ಚಿನೆಚಿತ್ತಾ ಸ್ಟುಡಿಯೋದಲ್ಲಿ ಸೆಟ್ ಹಾಕಿಸಿ ಕಟ್ಟಿಸಿದ. ಹೆಸರು ಮಾತ್ರ ಇಲ್ಲಿನ ಆಡುಮಾತಿನದು, 'ನಂಗೆ ನೆನಪಿದೆ' ಅಂತ ಅರ್ಥ. ಸೆಟ್ ಹಾಕಿದ ಜಾಗ ನೋಡಬೇಕು ಅಂದರೆ ರೋಮಿನಲ್ಲಿ ಮೆಟ್ರೋ ಎ ಲೈನ್ ಹಿಡಿದು ಚಿನೆಚಿತ್ತಾದಲ್ಲಿ ಇಳಿಯಿರಿ.

ರಿಮಿನಿಯಲ್ಲಿ ನಡೆದೇ ಎಲ್ಲಾ ನೋಡಬಹುದು. ಫೆಲಿನಿ ಹುಡುಗನಾಗಿದ್ದಾಗ ಸಿನಿಮಾ ನೋಡುತ್ತಿದ್ದ ಫುಲ್ಗೊರ್ ಟಾಕೀಸು 2018ರಲ್ಲಿ ಮತ್ತೆ ಶುರುವಾಗಿದೆ. ಅಲ್ಲೇ ಹತ್ತಿರದ ಹಳೇ ಕೋಟೆಯಲ್ಲಿ 2021ರಿಂದ ಅವನ ಮ್ಯೂಸಿಯಂ ಇದೆ. ಸೋಮವಾರ ರಜೆ, ನೋಡಿಕೊಂಡು ಹೋಗಿ. ತಿಬೇರಿಯೊ ಸೇತುವೆ ಎರಡು ಸಾವಿರ ವರ್ಷ ಹಳೇದು. ಅದನ್ನು ದಾಟಿದರೆ ಬೋರ್ಗೊ ಸಾನ್ ಜೂಲಿಯಾನೊ ಕೇರಿ, ಅಲ್ಲಿನ ಮನೆಗೋಡೆಗಳ ಮೇಲೆ ಅವನ ಸಿನಿಮಾದ ಚಿತ್ರಗಳಿವೆ.

ಊಟಕ್ಕೆ ಪಿಯಾದಾ ಚೆನ್ನಾಗಿರುತ್ತೆ, ನಮ್ಮ ಚಪಾತಿಗಿಂತ ದಪ್ಪ. ಸಸ್ಯಾಹಾರಿಗಳು ಒಳಗಿನ ಪಲ್ಯ ಒಂದನ್ನೇ ವಿಚಾರಿಸಿದರೆ ಸಾಲದು, ಹಿಟ್ಟು ಕಲಸೋದೇ ಹಂದಿ ಕೊಬ್ಬಲ್ಲಿ. 'ಸೆನ್ಜಾ ಸ್ತ್ರುತ್ತೊ' ಅಂತ ಕೇಳಿ, ಕೊಬ್ಬಿಲ್ಲದ್ದು ಅಂತ. ಆಗಸ್ಟಿನಲ್ಲಿ ಬೀಚಿಗೆ ಬರೋ ಜನ ಜಾಸ್ತಿ, ರೂಮು ದುಬಾರಿ. ನಾನಾದರೆ ಮೇ ತಿಂಗಳು ಅನ್ನುತ್ತೇನೆ.

ಸ್ಮಶಾನಕ್ಕೆ ಬೆಳಗ್ಗೆಯೇ ಹೋಗಿ, ಜನ ಇರೋಲ್ಲ. ಬಾಗಿಲ ಹತ್ತಿರವೇ ಫೆಲಿನಿಯ ಸಮಾಧಿ. ನೀರಿನ ತೊಟ್ಟಿಯಿಂದ ಹಡಗಿನ ಮೂತಿಯ ಹಾಗೆ ಕಂಚಿನ ಹಾಳೆಗಳು ಮೇಲೆದ್ದಿವೆ, ಶಿಲ್ಪಿ ಅರ್ನಾಲ್ಡೊ ಪೊಮೊದೊರೊ ಮಾಡಿದ್ದು. ಫೆಲಿನಿ ತೀರಿಕೊಂಡಿದ್ದು 1993ರ ಅಕ್ಟೋಬರ್ 31ಕ್ಕೆ. ಹೆಂಡತಿ, ನಟಿ ಜುಲಿಯೆಟ್ಟಾ ಮಸೀನಾ ಐದು ತಿಂಗಳೂ ತುಂಬೋ ಮೊದಲೇ ಹೋದಳು. 1945ರಲ್ಲಿ ಹುಟ್ಟಿ ತಿಂಗಳೊಪ್ಪತ್ತಿನಲ್ಲೇ ತೀರಿಕೊಂಡ ಮಗನೂ ಅವರ ಜೊತೆಗೇ ಇದ್ದಾನೆ. ಅಲ್ಲಿ ಒಂದು ಗಳಿಗೆ ನಿಂತು ಬನ್ನಿ.