ಜಾಯಿಕಾಯಿ ಖರೀದಿಗೆ ಸೇರುವ ಹೊಸಬರಿಗೆ ಬಾಂಡಾ ದ್ವೀಪಗಳ ಕಥೆ ಯಾಕೆ ಹೇಳುತ್ತೇನೆ

ಶಿರಸಿಯಲ್ಲಿ ಸಾಂಬಾರ ಪದಾರ್ಥ ಖರೀದಿ ಮಾಡುವುದು ನನ್ನ ಕೆಲಸ. ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ, ಜಾಪತ್ರೆ. ರೈತರ ಗುಂಪುಗಳ ಜೊತೆ ಮಾತಾಡಬೇಕು, ಮಾಲು ನೋಡಬೇಕು, ದರ ಕಟ್ಟಬೇಕು, ಒಪ್ಪಂದ ಬರೆಯಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ತೇವಾಂಶ ಅಳೆಯುವುದು, ಬೂಸ್ಟು ಹಿಡಿದ ಕಾಯಿ ಆರಿಸಿ ತೆಗೆಯುವುದು ಇವನ್ನೆಲ್ಲ ಬೇಗ ಕಲಿಯುತ್ತಾರೆ. ಒಪ್ಪಂದ ಬರೆಯಲು ಕಲಿಸುವಾಗ ಮಾತ್ರ ನಾನು ಇಂಡೋನೇಷ್ಯಾದ ಬಾಂಡಾ ದ್ವೀಪಗಳಿಂದ ಶುರು ಮಾಡುತ್ತೇನೆ. ಯುರೋಪಿನವರು ಸಮುದ್ರ ದಾಟಿ ಬಂದು ವಸಾಹತು ಕಟ್ಟಿದ್ದು ಹೇಗೆ ಅನ್ನುವುದು ಖರೀದಿ ಮಾಡುವವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅದರ ಮೊದಲ ಹೆಜ್ಜೆಗಳೆಲ್ಲ ನಾವು ದಿನಾ ಹಾಕುವ ಲೆಕ್ಕಗಳೇ.

ಬಾಂಡಾ ಅಂದರೆ ಸಮುದ್ರದ ನಡುವೆ ಇರುವ ಕೆಲವು ಪುಟ್ಟ ದ್ವೀಪಗಳು. ನೈರಾ, ಲೊಂತೋರ್, ಆಯ್, ರುನ್ ಮತ್ತೆ ಇನ್ನೂ ಕೆಲವು. 18ನೇ ಶತಮಾನದವರೆಗೂ ಪ್ರಪಂಚಕ್ಕೆ ಬೇಕಾದ ಜಾಯಿಕಾಯಿ ಮತ್ತು ಜಾಪತ್ರೆ ಹೆಚ್ಚುಕಡಿಮೆ ಎಲ್ಲವೂ ಇಲ್ಲಿಂದಲೇ ಹೋಗುತ್ತಿತ್ತು. ಜಾವಾ ಮತ್ತು ಮಲಯದ ವ್ಯಾಪಾರಿಗಳು ಕೊಂಡು ಈಗಿನ ಮಲೇಷ್ಯಾದ ಮಲಕ್ಕಾ ಬಂದರಿಗೆ ತರುತ್ತಿದ್ದರು. ಅಲ್ಲಿಂದ ಗುಜರಾತಿನ ವ್ಯಾಪಾರಿಗಳು ಭಾರತಕ್ಕೆ, ಆಮೇಲೆ ಕೆಂಪು ಸಮುದ್ರದ ದಾರಿಯಾಗಿ ಅಲೆಕ್ಸಾಂಡ್ರಿಯಾ, ಕೊನೆಗೆ ವೆನಿಸ್. ಕೈಯಿಂದ ಕೈಗೆ ಹೋದ ಹಾಗೆ ದರ ಏರುತ್ತಿತ್ತು. ಈ ಸರಪಳಿಯ ಕೊನೆಯಲ್ಲಿ ನಿಂತು ಕೊಳ್ಳುವವನಿಗೆ ಮೊದಲು ಹೊಳೆಯುವುದು ಒಂದೇ ವಿಚಾರ: ನೇರ ತೋಟಕ್ಕೇ ಹೋದರೆ ಹೇಗೆ?

1453ರಲ್ಲಿ ಒಟ್ಟೊಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದು ದಾರಿ ಮುಚ್ಚಿದರು, ಅದಕ್ಕೇ ಯುರೋಪಿನವರು ಸಮುದ್ರಕ್ಕೆ ಇಳಿದರು ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಆದರೆ ಸಾಂಬಾರ ಪದಾರ್ಥ ಜಾಸ್ತಿ ಹೋಗುತ್ತಿದ್ದುದು ಈಜಿಪ್ಟಿನ ದಾರಿಯಲ್ಲಿ. ಅದು ಒಟ್ಟೊಮನ್ನರ ಕೈಗೆ ಬಂದದ್ದು 1517ರಲ್ಲಿ. ಅಷ್ಟರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು 19 ವರ್ಷ ಆಗಿತ್ತು. ದಾರಿ ಮುಚ್ಚಿತ್ತು ಅನ್ನುವುದಕ್ಕಿಂತ, ದಾರಿಯಲ್ಲಿ ಸಿಗುವ ಲಾಭವೆಲ್ಲ ಬೇರೆಯವರಿಗೆ ಹೋಗುತ್ತಿತ್ತು ಅನ್ನುವುದೇ ಸರಿಯಾದ ಕಾರಣ ಅಂತ ನನಗೆ ಅನಿಸುತ್ತದೆ. ಧರ್ಮ ಹರಡುವ ಹಂಬಲ, ರಾಜರ ಪೈಪೋಟಿ, ಒಳ್ಳೆಯ ಹಡಗು ಮತ್ತು ತೋಪು ಇವೆಲ್ಲ ಇದ್ದವು, ಸುಳ್ಳಲ್ಲ. ಆದರೆ ಹಡಗಿಗೆ ದುಡ್ಡು ಹಾಕಿದವರು ದರದ ಅಂತರ ನೋಡಿಯೇ ಹಾಕಿದರು.

ಪೋರ್ಚುಗೀಸರು 1511ರಲ್ಲಿ ಮಲಕ್ಕಾ ಹಿಡಿದರು, 1512ರಲ್ಲಿ ಬಾಂಡಾ ತಲುಪಿದರು. ಅಲ್ಲಿ ಗಟ್ಟಿಯಾಗಿ ನೆಲೆ ಊರಲು ಮಾತ್ರ ಆಗಲಿಲ್ಲ. ಡಚ್ಚರು ಮೊದಲು ಲಿಸ್ಬನ್ನಿನಿಂದ ಮಾಲು ಕೊಂಡು ಉತ್ತರ ಯುರೋಪಿಗೆ ಮಾರುತ್ತಿದ್ದರು. 1580ರಲ್ಲಿ ಪೋರ್ಚುಗಲ್ ಸ್ಪೇನಿನ ರಾಜನ ಕೈಗೆ ಹೋಯಿತು. ಡಚ್ಚರು ಅದೇ ರಾಜನ ವಿರುದ್ಧ ದಂಗೆ ಎದ್ದವರು. ಲಿಸ್ಬನ್ನಿನ ಬಾಗಿಲು ಅವರಿಗೆ ಮುಚ್ಚುತ್ತಾ ಬಂತು. 1595ರಿಂದ ಅವರ ಹಡಗುಗಳೇ ಪೂರ್ವಕ್ಕೆ ಹೊರಟವು. ಹಲವು ಡಚ್ ಕಂಪನಿಗಳು ಒಂದರ ಮೇಲೊಂದು ಬಿದ್ದು ಏಷ್ಯಾದಲ್ಲಿ ಕೊಳ್ಳುವ ದರ ಏರಿಸಿದವು, ಆಮ್‌ಸ್ಟರ್‌ಡ್ಯಾಮಿನಲ್ಲಿ ಮಾರುವ ದರ ಇಳಿಸಿದವು. ಅದಕ್ಕೆ ಮದ್ದು ಎಂದು 1602ರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ಕಂಪನಿ ಮಾಡಿದರು. ಅದೇ ಡಚ್ ಈಸ್ಟ್ ಇಂಡಿಯಾ ಕಂಪನಿ. ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್ (ಡಚ್ಚರ ಆಗಿನ ನಾಣ್ಯ). ಕೋಟೆ ಕಟ್ಟುವ, ಒಪ್ಪಂದ ಮಾಡುವ, ಯುದ್ಧ ಮಾಡುವ ಅಧಿಕಾರವನ್ನೂ ಸರ್ಕಾರ ಅದಕ್ಕೆ ಬರೆದುಕೊಟ್ಟಿತು. ಕೊಳ್ಳುವವನ ಕೈಗೆ ಸೈನ್ಯ ಸಿಕ್ಕಿದ್ದು ಹೀಗೆ.

ಇನ್ನು ಒಪ್ಪಂದದ ವಿಚಾರ. ನಮ್ಮ ಕೆಲಸಕ್ಕೆ ಬಹಳ ಬೇಕಾದದ್ದು ಇದೇ.

ಬಾಂಡಾದಲ್ಲಿ ರಾಜ ಇರಲಿಲ್ಲ. ಒರಾಂಗ್ ಕಾಯ ಎಂದು ಕರೆಯುವ ಊರ ಹಿರಿಯರು ವ್ಯವಹಾರ ನೋಡಿಕೊಳ್ಳುತ್ತಿದ್ದರು. ಡಚ್ಚರು ಅವರಲ್ಲಿ ಕೆಲವರಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು: ಜಾಯಿಕಾಯಿಯನ್ನು ನಮಗೆ ಮಾತ್ರ ಮಾರಬೇಕು, ದರ ಇಷ್ಟೇ. ನನ್ನ ಜೊತೆ ಕೆಲಸ ಮಾಡುವವರು ಪ್ರತಿ ಸಲ ಕೇಳುತ್ತಾರೆ, "ಅಲ್ಲ ಸರ್, ಅವರು ಯಾಕೆ ಸಹಿ ಹಾಕಿದರು?" ಸಹಿ ಹಾಕದವರೂ ಬೇಕಾದಷ್ಟು ಜನ ಇದ್ದರು. ಹಾಕಿದವರಿಗೆ ಡಚ್ ಭಾಷೆಯ ಕಾಗದ ಓದಲು ಬರುತ್ತಿರಲಿಲ್ಲ. ಎದುರಿಗೆ ತೋಪಿನ ಹಡಗು ನಿಂತಿತ್ತು.

ನಾನು ಅವರಿಗೆ ಕೇಳುವ ಪ್ರಶ್ನೆ ಬೇರೆ. ಆ ಒಪ್ಪಂದವನ್ನು ಬಾಂಡಾದವರು ಪಾಲಿಸಲು ಸಾಧ್ಯವಿತ್ತೇ? ದ್ವೀಪದ ತುಂಬ ಜಾಯಿಕಾಯಿ ಮರ. ಊಟಕ್ಕೆ ಬೇಕಾದ ಅಕ್ಕಿ ಮತ್ತು ಸಾಗೋ (ಒಂದು ಬಗೆಯ ತಾಳೆ ಮರದ ತಿರುಳಿನ ಹಿಟ್ಟು) ಹೊರಗಿನಿಂದಲೇ ಬರಬೇಕು. ಅವನ್ನು ತರುತ್ತಿದ್ದವರು ಜಾವಾ, ಮಕಸ್ಸರ್ ಮತ್ತು ಸುತ್ತಲಿನ ದ್ವೀಪಗಳ ವ್ಯಾಪಾರಿಗಳು. ಬದಲಿಗೆ ಅವರು ಒಯ್ಯುತ್ತಿದ್ದುದು ಜಾಯಿಕಾಯಿ. ಡಚ್ಚರು ತಂದದ್ದಾದರೂ ಏನು? ಆ ಸೆಕೆಯ ಊರಿಗೆ ಉಣ್ಣೆ ಬಟ್ಟೆ, ಮಖಮಲ್ಲು. "ನಮಗೆ ಮಾತ್ರ" ಅಂದರು, ಅಕ್ಕಿ ಮಾತ್ರ ಸಾಕಷ್ಟು ತರಲಿಲ್ಲ. ಜನ ಹಳೆಯ ವ್ಯಾಪಾರಿಗಳಿಗೂ, ಆಯ್ ಮತ್ತು ರುನ್ ದ್ವೀಪಕ್ಕೆ ಬಂದಿದ್ದ ಇಂಗ್ಲಿಷರಿಗೂ ಮಾರಿದರು. ಅದನ್ನು ಕಂಪನಿ ಒಪ್ಪಂದ ಭಂಗ ಎಂದು ಕರೆಯಿತು. ಹೊಟ್ಟೆಗೆ ಬೇಕಾದದ್ದನ್ನು ಕೊಡದೆ ಬೇರೆಯವರ ಹತ್ತಿರ ಕೊಳ್ಳಲೂ ಬಿಡದ ಒಪ್ಪಂದವನ್ನು ನಾನು ಒಪ್ಪಂದ ಅನ್ನುವುದಿಲ್ಲ.

1621ರಲ್ಲಿ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ದೊಡ್ಡ ಪಡೆ ಕಟ್ಟಿಕೊಂಡು ಬಂದ. ಅವನ ಜೊತೆ ಕೂಲಿಗೆ ಬಂದ ಜಪಾನೀ ಸಿಪಾಯಿಗಳೂ ಇದ್ದರು. 40ಕ್ಕೂ ಹೆಚ್ಚು ಒರಾಂಗ್ ಕಾಯರನ್ನು ಸೆರೆಹಿಡಿದು ಅವರ ತಲೆ ಕಡಿಸಿದರು. ಬೆಟ್ಟ ಹತ್ತಿ ಅಡಗಿದವರು ಹಸಿವಿನಿಂದ ಸತ್ತರು. ಹಲವರನ್ನು ಗುಲಾಮರಾಗಿ ಬಟಾವಿಯಾಕ್ಕೆ, ಅಂದರೆ ಈಗಿನ ಜಕಾರ್ತಕ್ಕೆ, ಸಾಗಿಸಿದರು. ಸುಮಾರು 15 ಸಾವಿರ ಜನರಿದ್ದ ದ್ವೀಪಗಳಲ್ಲಿ ಉಳಿದವರು ಒಂದು ಸಾವಿರದಷ್ಟು ಎಂದು ಅಂದಾಜು. ತಪ್ಪಿಸಿಕೊಂಡು ಹೋದವರ ಸಂತತಿ ಇಂದಿಗೂ ಕೇಯ್ ದ್ವೀಪಗಳ ಬಾಂಡಾ ಎಲಿ ಮತ್ತು ಬಾಂಡಾ ಎಲಾತ್ ಊರುಗಳಲ್ಲಿದೆ. ಬಾಂಡಾ ಭಾಷೆ ಉಳಿದಿರುವುದು ಅಲ್ಲಿ.

ಖಾಲಿಯಾದ ನೆಲವನ್ನು ಕಂಪನಿ ಭಾಗ ಮಾಡಿ ತನ್ನ ಹಳೆಯ ನೌಕರರಂಥವರಿಗೆ ತೋಟ ಎಂದು ಹಂಚಿತು. ದುಡಿಯಲು ಗುಲಾಮರನ್ನು ತಂದರು. ಅವರಲ್ಲಿ ನಮ್ಮ ಮಲಬಾರ್ ಮತ್ತು ಕೋರಮಂಡಲ ತೀರದವರೂ ಇದ್ದರು. ತೋಟದವರಿಗೆ ಅಕ್ಕಿ ಕೊಡುವುದು ಕಂಪನಿ, ಗುಲಾಮರನ್ನು ಕೊಡುವುದು ಕಂಪನಿ, ಕಾಯಿ ಕೊಳ್ಳುವುದೂ ಕಂಪನಿ. ಎಲ್ಲ ದರವೂ ಅದರದ್ದೇ. ಡಚ್ಚರೇ ಆದ ಆ ತೋಟದವರೂ ಸಾಲದಲ್ಲಿ ಮುಳುಗಿದರು.

ಒಂದು ಪದಾರ್ಥದ ಆಸೆ ಎಷ್ಟು ದೂರ ಎಳೆದುಕೊಂಡು ಹೋಗುತ್ತದೆ ನೋಡಿ. ಆ ದ್ವೀಪಗಳ ಕಡೆ ಬೇಡಿಕೆ ಇದ್ದದ್ದು ಭಾರತದ ಹತ್ತಿ ಬಟ್ಟೆಗೆ. ಹಾಗಾಗಿ ಡಚ್ಚರು ಕೋರಮಂಡಲ ತೀರಕ್ಕೆ ಬಂದರು. 1610ರಲ್ಲಿ ವಿಜಯನಗರದ ಅರವೀಡು ವಂಶದ ಎರಡನೇ ವೆಂಕಟಪತಿರಾಯ ಡಚ್ಚರಿಗೆ ಈಗಿನ ಚೆನ್ನೈ ಹತ್ತಿರದ ಪುಲಿಕಾಟಿನಲ್ಲಿ ನೆಲೆ ಕೊಟ್ಟ. ಬಟ್ಟೆ ಕೊಳ್ಳಲು ಬೆಳ್ಳಿ ಬೇಕು. ಆ ಬೆಳ್ಳಿಯಲ್ಲಿ ದೊಡ್ಡ ಪಾಲು ಅಮೆರಿಕದ ಸ್ಪೇನ್ ವಸಾಹತುಗಳ ಗಣಿಗಳದ್ದು. ಅಲ್ಲಿ ಪೊಟೊಸಿಯಂಥ ಕಡೆ ಮೂಲನಿವಾಸಿಗಳನ್ನು ಒತ್ತಾಯದಿಂದ ದುಡಿಸುತ್ತಿದ್ದರು. ಒಂದು ಕಡೆಯ ಗಾಯ ಇನ್ನೊಂದು ಕಡೆಯ ಗಾಯಕ್ಕೆ ಜೋಡಿಸಿಕೊಂಡಿತ್ತು.

ನಮ್ಮ ಕರಾವಳಿಯಲ್ಲಿ ಮೆಣಸಿಗೆ ಹೀಗೆ ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಲೇಬೇಕು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಹೊನ್ನಾವರ, ಬಸರೂರು, ಮಂಗಳೂರಿನಲ್ಲಿ ಕೋಟೆ ಕಟ್ಟಿ ಕುಳಿತರು. ಆದರೆ ಮೆಣಸು ಇಡೀ ಮಲೆನಾಡು, ಮಲಬಾರಿನಲ್ಲಿ ಬೆಳೆಯುತ್ತದೆ, ದೂರದ ಸುಮಾತ್ರಾದಲ್ಲೂ ಬೆಳೆಯುತ್ತದೆ. ಒಂದು ಬಂದರು ಹಿಡಿದರೆ ಮಾಲು ಇನ್ನೊಂದರಿಂದ ಹೋಗುತ್ತದೆ. ಬೆಳೆಗಾರರ ಹಿಂದೆ ಒಂದು ರಾಜ್ಯವೂ ಇತ್ತು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಗಳನ್ನು ಪೋರ್ಚುಗೀಸರಿಂದ ಕಿತ್ತುಕೊಂಡ. ಬಾಂಡಾದವರಿಗೆ ಎರಡೂ ಇರಲಿಲ್ಲ. ಮಾಲು ಒಂದೇ ಕಡೆ ಬೆಳೆಯುವುದು, ಕಾಯುವ ಬಲ ಇಲ್ಲದಿರುವುದು, ಎರಡು ಸೇರಿ ಅವರನ್ನು ಬಲಿ ಕೊಟ್ಟವು.

ಕಂಪನಿಯ ಹಿಡಿತ ಸಡಿಲವಾಗಲು ಒಂದೂವರೆ ಶತಮಾನ ಹಿಡಿಯಿತು. ಬೇರೆ ಕಡೆ ಮೊಳೆತು ಸಸಿಯಾಗಬಾರದೆಂದು ಕಾಯಿಗೆ ಸುಣ್ಣ ಬಳಿದು ಕಳಿಸುತ್ತಿದ್ದರು. ದರ ಇಳಿಯಬಾರದೆಂದು ಮಿಕ್ಕ ಮಾಲನ್ನು ಸುಟ್ಟದ್ದೂ ಇದೆ. 1770ರಲ್ಲಿ ಫ್ರೆಂಚರ ಪಿಯರ್ ಪ್ವಾವ್ರ್ ಮಾರಿಷಸ್‌ಗೆ ಸಸಿ ತರಿಸಿದ. ಆಮೇಲೆ ಇಂಗ್ಲಿಷರು ಬಾಂಡಾ ಹಿಡಿದಾಗ ಪೆನಾಂಗ್, ಶ್ರೀಲಂಕಾ ಎಂದು ಹಲವು ಕಡೆ ಹರಡಿದರು. ಭಾರತಕ್ಕೂ ಇದನ್ನು ತಂದವರು ಅವರೇ. ನಾನು ಈಗ ಕೊಳ್ಳುವ ಕಾಯಿಯ ಮೂಲ ಅಲ್ಲಿದೆ. ಕಂಪನಿ 1799ರಲ್ಲಿ ಸಾಲ ಹೊತ್ತು ಮುಚ್ಚಿತು. ಅದರ ಸಾಲವನ್ನೂ ನೆಲವನ್ನೂ ಡಚ್ ಸರ್ಕಾರ ವಹಿಸಿಕೊಂಡಿತು. ಇಂಡೋನೇಷ್ಯಾ ಅದರ ಆಳ್ವಿಕೆಯಿಂದ ಬಿಡಿಸಿಕೊಂಡದ್ದು 1940ರ ದಶಕದಲ್ಲಿ.

ಈಗ ನಮ್ಮ ಕೆಲಸಕ್ಕೆ ಬರೋಣ. ಜಾಯಿಕಾಯಿ ಕೊಯ್ಲು ಜಾಸ್ತಿ ಬರುವುದು ಮಳೆಗಾಲದಲ್ಲಿ. ಬಿಸಿಲು ಇಲ್ಲ. ಸರಿಯಾಗಿ ಒಣಗದಿದ್ದರೆ ಬೂಸ್ಟು, ಅದರ ಹಿಂದೆ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ. ಯುರೋಪಿಗೆ ಹೋಗುವ ಮಾಲಿನಲ್ಲಿ ಅದು ಕಿಲೋಗೆ ಒಟ್ಟು 10 ಮೈಕ್ರೋಗ್ರಾಂ ದಾಟುವಂತಿಲ್ಲ. ಹಾಗಾಗಿ ಡ್ರೈಯರ್ ಇದ್ದವರ ಮಾತೇ ನಡೆಯುತ್ತದೆ. ಮಾಲು ಯಾವ ತೋಟದ್ದು ಎಂದು ಲೆಕ್ಕ ಇಡಬೇಕು, ಅದಕ್ಕೆ ರೈತ ನಮಗೇ ಮಾರಬೇಕು ಎಂದು ಬರೆಯೋಣ ಅನ್ನುವ ಸಲಹೆ ಪ್ರತಿ ಹಂಗಾಮಿನಲ್ಲೂ ಬರುತ್ತದೆ. ಸಲಹೆ ಕೊಡುವವರಿಗೆ ಕೆಟ್ಟ ಉದ್ದೇಶ ಏನೂ ಇಲ್ಲ. ಆದರೆ ಮರ ಬೆಳೆದು ಕಾಯಿ ಬಿಡಲು ಬೀಜದ ಗಿಡಕ್ಕೆ ಏಳೆಂಟು ವರ್ಷ ಬೇಕು. ಅಷ್ಟು ಕಾದ ರೈತ ಒಬ್ಬನೇ ಖರೀದಿದಾರನ ಕೈಗೆ ಸಿಕ್ಕಿಕೊಂಡರೆ ಬೇರೆ ಬೆಳೆಗೆ ತಿರುಗಲು ಸುಲಭವಿಲ್ಲ.

ನಾವು ಬರೆಯುವ ಒಪ್ಪಂದ ಕನ್ನಡದಲ್ಲಿರುತ್ತದೆ, ಸಹಿಗೆ ಮೊದಲು ಗುಂಪಿನ ಮುಂದೆ ಓದುತ್ತೇವೆ. ಒಣಗಿಸುವ ಬಾಡಿಗೆ ಬೇರೆ, ಮಾರಾಟ ಬೇರೆ: ನಮ್ಮ ಡ್ರೈಯರಿನಲ್ಲಿ ಒಣಗಿಸಿದ ಕಾಯಿಯನ್ನು ಮಂಡಿಗೆ ಒಯ್ದರೂ ನಮ್ಮ ತಕರಾರಿಲ್ಲ. ಮುಂಗಡ ಕೊಟ್ಟರೆ ಅದನ್ನು ದುಡ್ಡಿನಲ್ಲೇ ತೀರಿಸಬಹುದು. ಯಾವ ತೋಟದ ಮಾಲು ಎನ್ನುವ ಲೆಕ್ಕದ ಚೀಟಿ ನಮಗೆ ಮಾರಿದ ಚೀಲಕ್ಕೆ ಮಾತ್ರ. ಹೊಸಬರಲ್ಲಿ ಯಾರಾದರೂ ಕರಡಿನಲ್ಲಿ "ನಮಗೆ ಮಾತ್ರ" ಎಂದು ಬರೆದುಕೊಂಡು ಬಂದರೆ, ಆ ಸಾಲಿಗೆ ಬದಲಾಗಿ ಮಂಡಿಗಿಂತ ಎಷ್ಟು ಹೆಚ್ಚು ದರ ಕೊಡುತ್ತೇವೆ ಎಂದು ಬರೆಯಲು ಹೇಳುತ್ತೇನೆ.