ಖುಷ್ಕಿ, ತರಿ, ಪೌತಿ

ಜಮೀನಿನ ಪಹಣಿಯಲ್ಲಿ ನಮ್ಮ ಅಜ್ಜನ ಹೆಸರಿನ ಒಂದು ಒತ್ತಕ್ಷರ ಬಿದ್ದುಹೋಗಿದೆ. ಕೈಬರಹದ ಪಹಣಿ ಕಂಪ್ಯೂಟರಿಗೆ ಹತ್ತಿದಾಗ ಆದ ಕೆಲಸ ಇರಬೇಕು. ಅಜ್ಜ ಇದ್ದಷ್ಟು ದಿನ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಈಗ ಜಮೀನು ನಮ್ಮ ಹೆಸರಿಗೆ ಬರಲಿ ಅಂತ ಪೌತಿ ಖಾತೆ ಮಾಡಿಸಲು ಹೊರಟರೆ ಮರಣ ಪತ್ರದಲ್ಲಿ ಒಬ್ಬರು, ಪಹಣಿಯಲ್ಲಿ ಇನ್ನೊಬ್ಬರು! ಹಾಗಾಗಿ ಹೋದ ಸೋಮವಾರ ಶಾಲೆಗೆ ರಜೆ ಹಾಕಿ, ಚಿಕ್ಕಪ್ಪನ ಜೊತೆ ತಾಲೂಕು ಕಚೇರಿಗೆ ಹೋದೆ.

ನಾನು ಕನ್ನಡ ಮೇಷ್ಟ್ರು. ಒಂಬತ್ತನೇ ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ದಿನಕ್ಕೊಂದು ಪದ ಬರೆದು, ಅದು ಎಲ್ಲಿಂದ ಬಂತು ಅಂತ ಎರಡು ನಿಮಿಷ ಹೇಳುವುದು ನನ್ನ ಚಟ. ಹುಡುಗರಿಗೆ ಪಾಠ ಮರೆತರೂ ಅದು ಮರೆಯುವುದಿಲ್ಲ. ಕಷ್ಟ ಏನಂದ್ರೆ, ದಿನಾ ಹೊಸದು ಬೇಕು. ಮೇಸ್ತ್ರಿ, ಇಸ್ತ್ರಿ, ಪಗಾರ ಅಂತ ಪೋರ್ಚುಗೀಸರ ಸರಕೆಲ್ಲ ಹಿಂದಿನ ವಾರವೇ ಖಾಲಿಯಾಗಿತ್ತು.

ಸಾಲು ಉದ್ದ ಇತ್ತು. ಸುಮ್ನೆ ನಿಂತು ಏನು ಮಾಡುವುದು ಅಂತ ಕೈಯಲ್ಲಿದ್ದ ಪಹಣಿಯನ್ನೇ ಓದತೊಡಗಿದೆ. ಖುಷ್ಕಿ. ತರಿ. ಬಾಗಾಯ್ತು. ಖರಾಬು. ಒಂದಾದರೂ ನಮ್ಮ ಮನೆಯಲ್ಲಿ ಆಡುವ ಮಾತಾ? ಖುಷ್ಕಿ ಅಂದ್ರೆ ಪರ್ಷಿಯನ್ನಿನಲ್ಲಿ ಒಣಗಿದ್ದು. ತರಿ ಅಂದ್ರೆ ಒದ್ದೆ. ಬಾಗ್ ಅಂದ್ರೆ ತೋಟ, ಲಾಲ್‌ಬಾಗಿನಲ್ಲಿ ಇರುವುದೂ ಅದೇ. ಖರಾಬು ಹೇಳುವುದೇ ಬೇಡ, ಬಂಡೆ ಇರುವ ಜಾಗ, ಹಳ್ಳ, ದಾರಿ, ಉಳಲಾಗದ್ದೆಲ್ಲ ಆ ಕಲಮಿಗೆ ಹೋಗುತ್ತದೆ.

"ಚಿಕ್ಕಪ್ಪ, ನಮ್ಮ ಮೇಲಿನ ಹೊಲಕ್ಕೆ ಏನಂತೀವಿ ನಾವು?"

"ಬೆದ್ದಲು."

"ಇಲ್ಲಿ ಕೇಳಿದ್ರೆ?"

"ಖುಷ್ಕಿ ಅನ್ನಬೇಕು ಕಣಪ್ಪ. ಬೆದ್ದಲು ಅಂದ್ರೆ ಇವರು ನಮ್ಮನ್ನ ಹಳ್ಳಿ ಗಮಾರರು ಅಂತಾರೆ."

ತಮಾಷೆ ನೋಡಿ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಗದ್ದೆ, ಬೆದ್ದಲೆ ಅಂತ ಕಲ್ಲಿನ ಮೇಲೆ ಕೆತ್ತಿಟ್ಟಿದ್ದಾರೆ. ಊರಿನ ಲೆಕ್ಕ ಬರೆಯುವವನು ಸೇನಬೋವ, ಅವನೇ ಆಮೇಲೆ ಶಾನುಭೋಗ. ಅಂದ್ರೆ ಒಂದು ಕಾಲಕ್ಕೆ ಕಚೇರಿಗೂ ಹೊಲಕ್ಕೂ ಒಂದೇ ಮಾತು ಸಾಕಾಗಿತ್ತು. 1347ರಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಲ್ಲಿ ರಾಜ್ಯ ಕಟ್ಟಿದರು. ಆಮೇಲೆ ವಿಜಯಪುರದ ಆದಿಲ್‌ಶಾಹಿ, ಮರಾಠರು, ಈ ಕಡೆ ಹೈದರ್, ಟಿಪ್ಪು. ದಫ್ತರಗಳ ಜೊತೆ ಪರ್ಷಿಯನ್ ಬಂತು, ಅದರ ಬೆನ್ನಿಗೇರಿ ಅರಬ್ಬಿಯೂ ಬಂತು. 1799ರ ನಂತರ ಬ್ರಿಟಿಷರ ಕೈ ಮೇಲಾಯಿತು, ಆದರೂ ತಹಶೀಲ್ದಾರ ತಹಶೀಲ್ದಾರನಾಗಿಯೇ ಉಳಿದ. ತಹಸೀಲು ಅಂದ್ರೆ ವಸೂಲಿ, ದಾರ ಅಂದ್ರೆ ಹಿಡಿದವನು.

ನನಗೆ ಜಾಸ್ತಿ ಹಿಡಿಸುವುದು ಶಿರಸ್ತೇದಾರ. ಸರ್ ಅಂದ್ರೆ ತಲೆ, ರಿಶ್ತಾ ಅಂದ್ರೆ ನೂಲಿನ ದಾರ. ದಾರದ ತುದಿ ಹಿಡಿದವನು! ಕಡತಗಳಿಗೆ ಸುತ್ತಿದ ಆ ಬಿಳಿ ದಾರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮಂಜೂರು ಅಂದ್ರೆ ನೋಡಲ್ಪಟ್ಟಿದ್ದು. ನಜರು ಇದೆಯಲ್ಲ, ಅದೇ ಬೇರು. ಸಾಹೇಬರ ಕಣ್ಣಿಗೆ ಬಿದ್ದರೆ ಅರ್ಧ ಕೆಲಸ ಆದಂತೆಯೇ ಬಿಡಿ. ತಕರಾರು ಅಂದ್ರೆ ಅರಬ್ಬಿಯಲ್ಲಿ ಹೇಳಿದ್ದನ್ನೇ ಮತ್ತೆ ಹೇಳುವುದು. ಜಾರಿ ಅಂದ್ರೆ ಹರಿಯುತ್ತಿರುವುದು. ಆದೇಶ ಜಾರಿಯಾಗಿದೆ ಅಂದಾಗಲೆಲ್ಲ ನನಗೆ ಅದು ಎಲ್ಲೋ ಜಾರಿ ಬಿದ್ದ ಹಾಗೆ ಕೇಳಿಸುತ್ತದೆ.

ಇದನ್ನೆಲ್ಲ ಪಹಣಿಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತಿದ್ದೆ. ಚಿಕ್ಕಪ್ಪ ಬಗ್ಗಿ ನೋಡಿದರು.

"ಪೌತಿ ಅಂದ್ರೆ ಏನೋ ಮತ್ತೆ?"

"ಸಾವು. ಫೌತ್ ಅಂತ ಅರಬ್ಬಿ ಪದ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಪ್ಲಾಸ್ಟಿಕ್ ಕವರಿನಿಂದ ಅಜ್ಜನ ಮರಣ ಪತ್ರ ತೆಗೆದು, ಮಡಿಕೆ ಬಿಡಿಸಿ, ಮತ್ತೆ ಹಾಗೇ ಮಡಿಸಿಟ್ಟರು. "ಮೂರು ತಿಂಗಳಿಂದ ಅಪ್ಪಂದು ಪೌತಿ, ಅಪ್ಪಂದು ಪೌತಿ ಅಂತ ಇಲ್ಲಿಗೆ ಅಲೀತಿದೀನಿ. ಅಪ್ಪ ಸತ್ತ ಅಂತ ಒಂದ್ಸಲವೂ ಹೇಳಿಲ್ಲ ನೋಡು."

ಅಷ್ಟರಲ್ಲಿ ನಮ್ಮ ಸರದಿ ಬಂತು. ಕೇಸ್ ವರ್ಕರ್ ಹೆಣ್ಣುಮಗಳು ಕಾಗದ ತಿರುವಿ ನೋಡಿ, ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ಮಾಡಿಸಿಕೊಂಡು ಬನ್ನಿ ಅಂದರು. ಶಿರಸ್ತೇದಾರರು ಅವತ್ತು ಗೈರು. ಮುಂದಿನ ಸೋಮವಾರಕ್ಕೆ ವಾಯಿದೆ. ಈ ವಾಯಿದೆ ಅನ್ನುವುದೂ ಮೂಲದಲ್ಲಿ ಕೊಟ್ಟ ಮಾತು ಅಂತಲೇ, ವಾದಾ. ಕೊಟ್ಟ ಮಾತು ಮುಂದಕ್ಕೆ ಹಾಕುವುದಕ್ಕೆ ಹೆಸರಾದದ್ದು ಹೇಗೆ ಅಂತ ಆ ಬೆಂಚಿನ ಮೇಲೆ ಕೂತಿದ್ದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಮರುದಿನದ ಬೋರ್ಡಿಗೆ ಅದೇ ಸರಿ ಅಂದುಕೊಂಡೆ.

ಹೊರಗೆ ಬಂದು ಟೀ ಕುಡಿದೆವು. ಚಿಕ್ಕಪ್ಪ ಆಕಾಶ ನೋಡಿದರು, ಮೋಡ ಕಟ್ಟಿತ್ತು.

"ಬೇಗ ಬಸ್ ಹಿಡಿ. ಮಳೆ ಬರೋದ್ರೊಳಗೆ ಬೆದ್ದಲಿಗೆ ಹುರುಳಿ ಚೆಲ್ಲಬೇಕು."